ಎರಡು ದಿನ, ಅಪ್ಪ–ಅಮ್ಮ ಇಬ್ಬರೇ

ಮದುವೆಯಾಗಿ ಹದಿನೆಂಟು ವರ್ಷವಾದ ಗಂಡ ಹೆಂಡತಿ ಒಂದು ಶನಿವಾರ ಬೆಳಗಿನ ಜಾವ ಒಂದೇ ಒಂದು ಚೀಲ ಹಿಡಿದು ಮನೆಯಿಂದ ಹೊರಟರೆನ್ನಿ. ರಂಗೋಲಿ ಹಾಕುತ್ತಿರುವ ಎದುರು ಮನೆಯವರ ಮೊದಲ ಪ್ರಶ್ನೆ, 'ಯಾರ ಮದುವೆ?' ಯಾರದೂ ಅಲ್ಲ ಎಂದರೆ ಎರಡನೆಯದು, 'ಅಯ್ಯೋ, ಯಾರಿಗಾದರೂ ಹುಷಾರಿಲ್ಲವೇ?' ಅದೂ ಅಲ್ಲ, ಸುಮ್ಮನೆ ಹೋಗಿ ಬರುತ್ತೇವೆ ಎಂದರೆ ಮೂರನೆಯ ಪ್ರಶ್ನೆ ಬರುತ್ತದೆ: 'ಮಕ್ಕಳನ್ನು ಬಿಟ್ಟು?'

ನಮ್ಮಲ್ಲಿ ಗಂಡ ಹೆಂಡತಿ ಜೊತೆಯಾಗಿ ಊರು ಬಿಡಲು ಸಮಾಜ ಒಪ್ಪಿದ ಕಾರಣಗಳು ಮೂರೇ. ಮದುವೆ, ಸಾವು ಮತ್ತು ಹರಕೆ. ಮಧುಚಂದ್ರಕ್ಕೆ ಒಂದು ಸಲ ರಿಯಾಯಿತಿ ಉಂಟು. ಅದು ಮುಗಿದ ಮೇಲೆ ಇಬ್ಬರೇ ಸುತ್ತಾಡಲು ಹೋಗುವುದೆಂದರೆ ಏನೋ ಸಂಕೋಚ. 'ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?' ಎಂದು ಹಿರಿಯರು ಬಾಯಿ ಬಿಟ್ಟು ಹೇಳದಿದ್ದರೂ ಹೇಳಿಯಾರು ಎಂಬ ಅಳುಕು. ಈ ಲೇಖನ ಆ ಸಂಕೋಚವನ್ನು ಕುರಿತದ್ದು. ಜೊತೆಗೆ, ಬೆಂಗಳೂರಿನಂಥ ಮಹಾನಗರದಲ್ಲಿರುವ ಒಂದು ಜೋಡಿ ಎರಡು ದಿನಗಳನ್ನು ಹಾಳುಮಾಡಿಕೊಳ್ಳದೆ ಕಳೆಯುವುದು ಹೇಗೆ ಎಂಬ ಲೆಕ್ಕವನ್ನೂ ಇಲ್ಲಿ ಕೊಟ್ಟಿದ್ದೇನೆ. ಇದನ್ನು ಅಪ್ಪ–ಅಮ್ಮ ಓದಲಿ. ಅವರಿಗಿಂತ ಮೊದಲು ಮಕ್ಕಳು ಓದಲಿ ಎಂಬುದು ನನ್ನ ಆಸೆ. ಏಕೆಂದರೆ ಈ ಪ್ರವಾಸವನ್ನು ಸಾಧ್ಯ ಮಾಡಬೇಕಾದವರು ಅವರೇ.

ಮಾತೆಲ್ಲ ಅಂಕಗಳದ್ದೇ

ಮಗು ಎಂಟನೆಯ ತರಗತಿಗೆ ಬಂದಿತೆಂದರೆ ಮನೆಯ ಮಾತಿನ ಧಾಟಿ ಬದಲಾಗುತ್ತದೆ. ಟ್ಯೂಷನ್ನಿಗೆ ಯಾರು ಬಿಡಬೇಕು, ಗಣಿತದಲ್ಲಿ ಎಷ್ಟು ಬಂತು, ವಿಜ್ಞಾನವೋ ವಾಣಿಜ್ಯವೋ, ಸಿಇಟಿಗೆ ಯಾವ ಪುಸ್ತಕ, ಶುಲ್ಕ ಕಟ್ಟಲು ಕೊನೆಯ ದಿನ ಯಾವುದು. ಹೀಗೆ ಐದಾರು ವರ್ಷ ಗಂಡ ಹೆಂಡತಿ ಒಬ್ಬರಿಗೊಬ್ಬರು ಆಡುವುದು ಮಗುವಿನ ಬಗೆಗಿನ ಮಾತು ಮಾತ್ರ. ಅದೇನೂ ತಪ್ಪಲ್ಲ. ಆದರೆ ದ್ವಿತೀಯ ಪಿಯುಸಿ ಮುಗಿಸಿ ಮಗಳು ಹಾಸ್ಟೆಲ್ಲಿಗೆ ಹೊರಟ ದಿನ ಆ ಮಾತೂ ಅವಳ ಟ್ರಂಕಿನೊಡನೆ ಹೊರಟುಹೋಗುತ್ತದೆ. 'ಮನೆ ಬಿಕೋ ಅನ್ನುತ್ತೆ ಮೇಷ್ಟ್ರೇ, ಏನು ಮಾತಾಡಬೇಕು ಅಂತಲೇ ಗೊತ್ತಾಗಲ್ಲ' ಎಂದು ಹೇಳಿಕೊಂಡ ತಂದೆ ತಾಯಿಯರನ್ನು ಮೂರು ದಶಕಗಳಲ್ಲಿ ಹಲವು ಬಾರಿ ಕಂಡಿದ್ದೇನೆ. ಅವರಾರೂ ಜಗಳವಾಡಿದವರಲ್ಲ. ಅಭ್ಯಾಸ ತಪ್ಪಿದವರು, ಅಷ್ಟೆ.

ಅಭ್ಯಾಸ ತಪ್ಪಿದ್ದನ್ನು ಮತ್ತೆ ಕೂಡಿಸಲು ಏನು ಬೇಕು? ವಿಜ್ಞಾನದ ಮೇಷ್ಟ್ರಾದ್ದರಿಂದ ಒಂದು ಪ್ರಯೋಗವನ್ನು ಹೇಳುತ್ತೇನೆ. ಅಮೆರಿಕದ ಮನೋವಿಜ್ಞಾನಿ ಆರ್ಥರ್ ಏರಾನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅವರು ಕೆಲವು ಜೋಡಿಗಳ ಕೈಗೆ ಕೈ, ಕಾಲಿಗೆ ಕಾಲು ಪಟ್ಟಿಯಿಂದ ಕಟ್ಟಿದರು. ನಡುವೆ ಒಂದು ದಿಂಬು ಕೊಟ್ಟು, ಅದನ್ನು ಕೈಯಲ್ಲಿ ಮುಟ್ಟದೆ, ಬೀಳಿಸದೆ, ಅಂಬೆಗಾಲಿಡುತ್ತ ಅಡ್ಡಗಟ್ಟೆ ದಾಟಿ ಬರುವಂತೆ ಹೇಳಿದರು. ಇನ್ನು ಕೆಲವು ಜೋಡಿಗಳಿಗೆ ಕೊಟ್ಟದ್ದು ನೀರಸವಾದ ಸಾಮಾನ್ಯ ಕೆಲಸ. ಎಲ್ಲ ಸೇರಿ ಕೆಲವೇ ನಿಮಿಷಗಳ ಆಟ. ಮುಗಿದ ಮೇಲೆ ವಿಚಾರಿಸಿದರೆ, ಹೊಸ ಆಟ ಆಡಿ ನಕ್ಕ ಜೋಡಿಗಳು ತಮ್ಮ ಸಂಬಂಧದ ಬಗ್ಗೆ ಹೆಚ್ಚು ಸಂತೋಷ ತೋರಿದವು. ಸೂತ್ರ ಸರಳ: ಇಬ್ಬರಿಗೂ ಹೊಸದಾದದ್ದನ್ನು ಇಬ್ಬರೂ ಕೂಡಿ ಮಾಡಬೇಕು. ಅದಕ್ಕೆ ದಿಂಬೇ ಆಗಬೇಕೆಂದಿಲ್ಲ. ಗುರುತಿಲ್ಲದ ಊರಿನ ಕಾಲುದಾರಿಯಾದರೂ ಸಾಕು.

ಇಪ್ಪತ್ತಾರು ಗಂಟೆಗಳ ಲೆಕ್ಕ

ಬೆಂಗಳೂರಿನಿಂದ ನಮ್ಮ ಕಡೆಗೆ, ಅಂದರೆ ಸಕಲೇಶಪುರ ತಾಲ್ಲೂಕಿನ ಹೆತ್ತೂರಿನ ಗುಡ್ಡಗಳ ಕಡೆಗೆ, ಶನಿವಾರ ಭಾನುವಾರ ಬಹಳ ಜೋಡಿಗಳು ಬರುತ್ತವೆ. ಅವರಲ್ಲಿ ಅರ್ಧಕ್ಕರ್ಧ ಮಂದಿಯ ಮುಖದಲ್ಲಿ ನಾನು ಕಾಣುವುದು ಆಯಾಸವನ್ನು. ಕಾರಣ ಅವರ ಕೈಯಲ್ಲಿರುವ ಪಟ್ಟಿ. ಕೋಟೆ, ಜಲಪಾತ, ಬಿಸಿಲೆ, ಇನ್ನೊಂದು ಜಲಪಾತ, ಸೂರ್ಯಾಸ್ತದ ಗುಡ್ಡ. ಇದನ್ನೊಮ್ಮೆ ಲೆಕ್ಕ ಹಾಕಿ ನೋಡೋಣ.

ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ಅಲ್ಲಿಂದ ಹೆತ್ತೂರಿಗೆ ಸುಮಾರು 30 ಕಿ.ಮೀ. ತಿಂಡಿ, ಕಾಫಿ, ನೆಲಮಂಗಲ ದಾಟುವವರೆಗಿನ ವಾಹನ ಸಂದಣಿ ಎಲ್ಲ ಸೇರಿ ಆರು ಗಂಟೆ ಹಿಡಿಯಿರಿ. ಶನಿವಾರ ಬೆಳಿಗ್ಗೆ 6ಕ್ಕೆ ಹೊರಟರೆ ಮಧ್ಯಾಹ್ನ 12ಕ್ಕೆ ಇಲ್ಲಿ. ಭಾನುವಾರ ಮಧ್ಯಾಹ್ನ 2ಕ್ಕೆ ಹೊರಟರೆ ರಾತ್ರಿ 8ಕ್ಕೆ ಮನೆಯಲ್ಲಿ. ನಡುವೆ ಉಳಿಯುವುದು 26 ಗಂಟೆ. ನಿದ್ದೆಗೆ 8 ಕಳೆಯಿರಿ, 18. ಊಟ, ತಿಂಡಿ, ಸ್ನಾನಕ್ಕೆ 5 ಕಳೆಯಿರಿ, 13. ಪಟ್ಟಿಯಲ್ಲಿರುವ ಐದು ಸ್ಥಳಗಳಿಗೆ ಹೋಗಿಬರುವ ದಾರಿಯೂ ಸೇರಿ ತಲಾ ಎರಡೂವರೆ ಗಂಟೆಯಂತೆ ಹನ್ನೆರಡೂವರೆ ಗಂಟೆ ಬೇಕು. ಕೊನೆಗೆ ಉಳಿದದ್ದು ಅರ್ಧ ಗಂಟೆ. ಗಂಡ ಹೆಂಡತಿ ಪರಸ್ಪರ ಮಾತಾಡಲು 500 ಕಿ.ಮೀ. ಓಡಾಡಿ ಸಂಪಾದಿಸಿದ ಅರ್ಧ ಗಂಟೆ! ಅಷ್ಟು ಹೊತ್ತನ್ನು ಮನೆಯ ತಾರಸಿಯ ಮೇಲೇ ಕಳೆಯಬಹುದಿತ್ತು.

ಆದ್ದರಿಂದ ನನ್ನ ಮೊದಲ ಸಲಹೆ, ದಿನಕ್ಕೆ ಒಂದೇ ಸ್ಥಳ. ಶನಿವಾರಕ್ಕೊಂದು, ಭಾನುವಾರಕ್ಕೊಂದು. ಉಳಿದವು ಮುಂದಿನ ಸಲಕ್ಕಿರಲಿ. ಮುಂದಿನ ಸಲ ಎಂಬುದೊಂದು ಇದೆ ಎಂದುಕೊಳ್ಳುವುದರಲ್ಲೂ ಸುಖವಿದೆ.

ಎರಡನೆಯ ಸಲಹೆ, ಸಾಧ್ಯವಾದರೆ ಕಾರು ಬಿಡಿ. ಕಾರಿನಲ್ಲಿ ಒಬ್ಬರ ಕಣ್ಣು ರಸ್ತೆಯ ಮೇಲೆ, ಇನ್ನೊಬ್ಬರ ಕಣ್ಣು ಮೊಬೈಲಿನ ನಕ್ಷೆಯ ಮೇಲೆ. 'ಎಡಕ್ಕೆ ಅಂದೆ, ನೀವು ಬಲಕ್ಕೆ ಹೊರಳಿದಿರಿ' ಎಂಬಲ್ಲಿಗೆ ಪ್ರಣಯ ಮುಗಿಯಿತು. ಬೆಂಗಳೂರಿನಿಂದ ಮಂಗಳೂರು ಕಡೆಗೆ ಹೋಗುವ ಹಗಲು ರೈಲು ಹಾಸನದ ಮೇಲೆ ಸಕಲೇಶಪುರಕ್ಕೆ ಬರುತ್ತದೆ. ಈ ಮಾರ್ಗದ ರೈಲಿಗೆ 2021ರ ಜುಲೈನಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಲಾಯಿತು. ಅದೇ ಬೇಕೆಂದಿಲ್ಲ. ಮಾಮೂಲಿ ಬೋಗಿಯ ಕಿಟಕಿಯೂ ಸಾಕು. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಹೊರಡುವ ವಾರ ನೋಡಿಕೊಳ್ಳಿ. ಸಕಲೇಶಪುರದಿಂದ ಮುಂದಕ್ಕೆ ಬಸ್ಸೋ ಬಾಡಿಗೆ ವಾಹನವೋ. ತಂಗುವ ಮನೆಯವರಿಗೆ ಮೊದಲೇ ಹೇಳಿದರೆ ವ್ಯವಸ್ಥೆ ಆಗುತ್ತದೆ.

ಎತ್ತರ ಒಂದೇ, ತಂಪು ಬೇರೆ

ಬೆಂಗಳೂರಿನವರು 'ಬೆಟ್ಟ ಹತ್ತಿ ಬಂದೆವು' ಎನ್ನುತ್ತಾರೆ. ಮಕ್ಕಳೇ, ನಿಮ್ಮ ಅಪ್ಪ–ಅಮ್ಮನಿಗೆ ಈ ಪ್ರಶ್ನೆ ಕೇಳಿ: ಎಷ್ಟು ಹತ್ತಿದಿರಿ? ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ತುಸು ಹೆಚ್ಚು ಎತ್ತರದಲ್ಲಿದೆ. ಸಕಲೇಶಪುರವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಎತ್ತರ ಒಂದೇ ಆದರೂ ಇಲ್ಲಿ ಮೈಗೆ ತಂಪೇಕೆ? ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ ಮೋಡವಾಗುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆಯಾದರೆ ಇಲ್ಲಿ ಅದರ ಎರಡು ಪಟ್ಟು ಮೀರುತ್ತದೆ. ಘಟ್ಟದ ಅಂಚಿಗೆ ಹೋದಷ್ಟೂ ಇನ್ನೂ ಹೆಚ್ಚು. ಮರಗಳು ಎಲೆಗಳ ಮೂಲಕ ನೀರನ್ನು ಆವಿಯಾಗಿ ಬಿಡುತ್ತ ಸುತ್ತಲ ಗಾಳಿಯ ಶಾಖವನ್ನು ಹೀರುತ್ತವೆ. ಬಿಸಿಲನ್ನು ಕುಡಿದು ರಾತ್ರಿ ಕಾರುವ ಕಾಂಕ್ರೀಟು ಇಲ್ಲಿ ಕಡಿಮೆ. ತಂಪಿಗೆ ಕಾರಣ ಎತ್ತರಕ್ಕಿಂತ ಹೆಚ್ಚಾಗಿ ಈ ಹಸಿರು ಮತ್ತು ತೇವ.

ಶನಿವಾರದ ಒಂದು ಸ್ಥಳ ಮಂಜರಾಬಾದ್ ಕೋಟೆಯಾಗಬಹುದು. ಸಕಲೇಶಪುರದಿಂದ ಸುಮಾರು 6 ಕಿ.ಮೀ. ದೂರದಲ್ಲಿ ಹೆದ್ದಾರಿಯ ಪಕ್ಕದಲ್ಲೇ ಇದೆ. ಟಿಪ್ಪು ಸುಲ್ತಾನ್ 1792ರಲ್ಲಿ ಪೂರ್ಣಗೊಳಿಸಿದ ಈ ಕೋಟೆ ಎಂಟು ಮೂಲೆಗಳ ನಕ್ಷತ್ರದ ಆಕಾರದ್ದು. ನಕ್ಷತ್ರವೇ ಏಕೆ? ಚೌಕ ಅಥವಾ ದುಂಡನೆಯ ಕೋಟೆಯಾದರೆ ಗೋಡೆಯ ಬುಡಕ್ಕೆ ಬಂದು ಅಡಗಿದ ಶತ್ರು ಮೇಲಿನವರ ಕಣ್ಣಿಗೆ ಬೀಳದ ಜಾಗ ಇರುತ್ತದೆ. ನಕ್ಷತ್ರದ ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಮೂಲೆಯ ಗೋಡೆ ಬುಡದವರೆಗೂ ಕಾಣುತ್ತದೆ. ಹೀಗೆ ಪ್ರತಿಯೊಂದು ಮೂಲೆ ತನ್ನ ನೆರೆಯ ಮೂಲೆಯನ್ನು ಕಾಯುತ್ತದೆ. ಯುರೋಪಿನಲ್ಲಿ, ಮುಖ್ಯವಾಗಿ ಫ್ರೆಂಚರಲ್ಲಿ, ಬೆಳೆದ ವಿದ್ಯೆ ಇದು. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ನಿಲ್ಲಿ. ಆತುರವೇನೂ ಇಲ್ಲ, ಪಟ್ಟಿಯಲ್ಲಿ ಇವತ್ತಿಗೆ ಇನ್ನೊಂದು ಸ್ಥಳವಿಲ್ಲವಲ್ಲ!

ಸಂಜೆ ತೋಟದ ಮನೆಯ ಜಗಲಿಯಲ್ಲಿ ಕೂತುಕೊಳ್ಳಿ. ಕಡುಬು, ಅಕ್ಕಿ ರೊಟ್ಟಿ, ಮಳೆಗಾಲವಾದರೆ ಕಳಲೆ ಪಲ್ಯ ಸಿಗುತ್ತದೆ. ಅಮ್ಮ ಮಾಡದ ಅಡಿಗೆಯನ್ನು ಅಮ್ಮನೇ ಬಿಸಿಬಿಸಿಯಾಗಿ ಕೂತು ಉಣ್ಣುವುದು ಈ ಪ್ರವಾಸದ ಮುಖ್ಯ ಪ್ರೇಕ್ಷಣೀಯ ಸ್ಥಳ. ಬಡಿಸುವಾಗ ಎದ್ದು ಹೋಗಿ ಸಹಾಯ ಮಾಡುವ ಅಭ್ಯಾಸ ಆಕೆಗೆ ಇದ್ದೇ ಇರುತ್ತದೆ. ಕೈಹಿಡಿದು ಕೂರಿಸುವುದು ಅಪ್ಪನ ಕೆಲಸ.

ನೀರು ಕವಲೊಡೆಯುವ ಜಾಗ

ಭಾನುವಾರ ಬೆಳಿಗ್ಗೆ ಬಿಸಿಲೆ. ಹೆತ್ತೂರಿನಿಂದ ವನಗೂರಿನ ಮೇಲೆ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಹೋದರೆ ಬಿಸಿಲೆಯ ಕಾಡು. ವೀಕ್ಷಣಾ ಸ್ಥಳದಲ್ಲಿ ನಿಂತರೆ ಎದುರಿಗೆ 1712 ಮೀಟರ್ ಎತ್ತರದ ಕುಮಾರಪರ್ವತ ಮತ್ತು ಅದರ ಅಕ್ಕಪಕ್ಕದ ಶಿಖರಗಳು. ಮಂಜು ಕವಿದಿದ್ದರೆ ಏನೂ ಕಾಣದು. ಆಗ ಕಾಯಬೇಕು. ಕಾಯುವುದೂ ಒಂದು ಜೊತೆ ಕೆಲಸವೇ.

ಬಿಸಿಲೆಗೆ ಹೋಗುವ ದಾರಿಯಲ್ಲಿ ಮಂಕನಹಳ್ಳಿಯ ಬಳಿ ಒಂದು ಏಣು ಇದೆ. ರಿಡ್ಜ್ ಪಾಯಿಂಟ್ ಎಂದು ಕರೆಯುತ್ತಾರೆ. ಬ್ರಿಟಿಷರ ಕಾಲದ ಗುರುತುಕಲ್ಲಿನ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಬಂಗಾಳ ಕೊಲ್ಲಿ ಎಂದಿದೆ. ಈ ಏಣಿನ ಪಡುವಣಕ್ಕೆ ಬಿದ್ದ ಮಳೆನೀರು ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ, ಮಂಗಳೂರಿನ ಬಳಿ ಅರಬ್ಬಿ ಸಮುದ್ರ ತಲುಪುತ್ತದೆ. ಮೂಡಣಕ್ಕೆ ಬಿದ್ದದ್ದು ಹೇಮಾವತಿಗೆ ಇಳಿದು, ಗೊರೂರಿನ ಅಣೆಕಟ್ಟೆ ದಾಟಿ, ಕಾವೇರಿಯಾಗಿ, ಕೃಷ್ಣರಾಜಸಾಗರ, ಮೆಟ್ಟೂರು, ತಂಜಾವೂರು ಸೀಮೆ ಹಾಯ್ದು ತಮಿಳುನಾಡಿನ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಒಂದೇ ಮೋಡದಿಂದ ಅಂಗೈ ಅಗಲದ ಅಂತರದಲ್ಲಿ ಬಿದ್ದ ಎರಡು ಹನಿಗಳು ಎರಡು ಸಮುದ್ರಗಳಿಗೆ ಹೋಗುತ್ತವೆ.

ಬೆಂಗಳೂರಿನವರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಅವರ ಮನೆಯ ನಲ್ಲಿಯಲ್ಲಿ ಬರುವುದು ಕಾವೇರಿ ನೀರಾದರೆ, ಅದರಲ್ಲಿ ಹೇಮಾವತಿಯ ಪಾಲೂ ಇದೆ. ಅಂದರೆ ಈ ಏಣಿನ ಮೂಡಣ ಬದಿಯ ಮಳೆಯನ್ನು ಅವರು ಈಗಾಗಲೇ ಕುಡಿದಿದ್ದಾರೆ. ಪ್ಲಾಸ್ಟಿಕ್ ಬಾಟಲಿಯನ್ನು ಇಲ್ಲಿ ಎಸೆಯಬೇಡಿ ಎಂದು ಇದಕ್ಕಿಂತ ಬೇರೆ ಮಾತಿನಲ್ಲಿ ಹೇಳಬೇಕಾಗಿಲ್ಲ.

ಯಾವಾಗ ಬರಬೇಕು?

ಮಲೆನಾಡಿನ ಒಂದೊಂದು ಋತುವಿಗೂ ಒಂದೊಂದು ರುಚಿ. ಮಾರ್ಚ್–ಏಪ್ರಿಲ್ ಕಾಫಿ ಹೂವಿನ ಕಾಲ. ಕಾಫಿ ಗಿಡದ ಮೊಗ್ಗು ಬೇಸಿಗೆಯಲ್ಲಿ ನಿದ್ದೆ ಹೋದಂತೆ ಇರುತ್ತದೆ. ಒಂದು ಒಳ್ಳೆಯ ಮಳೆ, ಅದನ್ನೇ ಇಲ್ಲಿ ಹೂಮಳೆ ಎನ್ನುವುದು, ಸುಮಾರು ಒಂದು ಇಂಚಿನಷ್ಟು ಬಿದ್ದರೆ ಎಚ್ಚರಗೊಂಡು ಎಂಟು ಹತ್ತು ದಿನಗಳಲ್ಲಿ ಇಡೀ ತೋಟ ಒಮ್ಮೆಲೇ ಅರಳುತ್ತದೆ. ಮಲ್ಲಿಗೆಯ ಹಾಗೆ ಬೆಳ್ಳಗೆ, ಹೆಚ್ಚುಕಡಿಮೆ ಅದೇ ಪರಿಮಳ. ಮೂರು ನಾಲ್ಕು ದಿನಕ್ಕೆ ಬಾಡಿತು. ಯಾವ ವಾರ ಎಂದು ಯಾರೂ ಮೊದಲೇ ಹೇಳಲಾರರು. ಸಿಕ್ಕರೆ ಅದೃಷ್ಟ. ಪರೀಕ್ಷೆಗಳು ಮುಗಿಯುವ ಹೊತ್ತೂ ಹೆಚ್ಚುಕಡಿಮೆ ಅದೇ ಆಗಿರುವುದು ಅನುಕೂಲ.

ಮೇ ಕೊನೆಯಿಂದ ಜೂನ್ ಮೊದಲ ಮಳೆಯವರೆಗೆ ಮಿಣುಕುಹುಳುಗಳ ಕಾಲ. ಗಂಡುಹುಳು ಹಾರುತ್ತ ಮಿನುಗುತ್ತದೆ. ಎಲೆಯ ಮೇಲೆ ಕೂತ ಹೆಣ್ಣು ಅದನ್ನು ನೋಡಿ ತಕ್ಕ ಅಂತರ ಬಿಟ್ಟು ಉತ್ತರ ಮಿನುಗಿಸುತ್ತದೆ. ಒಂದೊಂದು ಜಾತಿಗೂ ಅದರದೇ ಲಯ. ಲಯ ತಪ್ಪಿದರೆ ಒಲವಿಲ್ಲ. ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಡನೆ ಸೇರಿ ಹೊಮ್ಮಿಸುವ ಈ ಬೆಳಕಿನಲ್ಲಿ ಶಾಖ ಇಲ್ಲವೆನ್ನುವಷ್ಟು ಕಡಿಮೆ. ನೋಡಬೇಕಾದರೆ ಟಾರ್ಚು, ಮೊಬೈಲು, ಕಾರಿನ ದೀಪ ಎಲ್ಲ ಆರಿಸಬೇಕು. ನಮ್ಮ ಬೆಳಕು ಬಿದ್ದರೆ ಅವುಗಳ ಸಂಭಾಷಣೆ ಕೆಡುತ್ತದೆ. ಜಗಲಿಯಲ್ಲೇ ಕೂತು ಹದಿನೈದು ನಿಮಿಷ ಕತ್ತಲಿಗೆ ಕಣ್ಣು ಹೊಂದಿಸಿಕೊಳ್ಳಿ. ದಂಪತಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನ್ನ ವಿಜ್ಞಾನ ಪುಸ್ತಕದಲ್ಲಿಲ್ಲ.

ನವೆಂಬರ್–ಜನವರಿಯಲ್ಲಿ ಆಕಾಶ ತಿಳಿ, ಚಳಿ ಹಿತ, ಕಣಗಳಲ್ಲಿ ಕಾಫಿ ಒಣಗುತ್ತಿರುತ್ತದೆ. ಜುಲೈ–ಆಗಸ್ಟ್ ಮಾತ್ರ ಯೋಚಿಸಿ ಬನ್ನಿ. ಶಿರಾಡಿ ಘಾಟಿ ಮತ್ತು ಸಕಲೇಶಪುರದ ಆಸುಪಾಸಿನಲ್ಲಿ 2018ರಲ್ಲೂ 2024ರಲ್ಲೂ ಗುಡ್ಡ ಕುಸಿದು ಹೆದ್ದಾರಿ ಸಂಚಾರ ನಿಂತಿತ್ತು. ಮಳೆ ನೋಡುವ ಆಸೆಗೆ ರಸ್ತೆಯಲ್ಲಿ ರಾತ್ರಿ ಕಳೆಯುವಂತಾಗಬಾರದು.

ಹುಷಾರು ಎನ್ನಲೇಬೇಕು

ಮೇಷ್ಟ್ರು ಬರೆದ ಮೇಲೆ ಎಚ್ಚರಿಕೆಯ ಮಾತಿಲ್ಲದೆ ಮುಗಿದೀತೇ? ನಾಲ್ಕೇ ಮಾತು.

ಒಂದು, ಆನೆ. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳು ಕಾಫಿ ತೋಟಗಳ ನಡುವೆಯೇ ಓಡಾಡುತ್ತವೆ. ಇಲ್ಲಿನ ಜನ ಅವುಗಳಿಂದ ಪ್ರಾಣ ಕಳೆದುಕೊಂಡಿದ್ದಾರೆ. ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ನಮ್ಮ ನೆರೆಯ ಯಸಳೂರು ಭಾಗದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದೊಡನೆ ಕಾದಾಡುತ್ತ. ಅಂಥ ಅರ್ಜುನನಿಗೇ ಹಾಗಾಯಿತು ಎಂದ ಮೇಲೆ ನಾವು ಎಷ್ಟರವರು? ಕತ್ತಲಾದ ಮೇಲೆ, ಬೆಳಕು ಹರಿಯುವ ಮೊದಲು ತೋಟದ ದಾರಿಯಲ್ಲಿ ನಡೆಯಬೇಡಿ. 'ಇವತ್ತು ಆ ಕಡೆ ಬೇಡ' ಎಂದು ತಂಗಿದ ಮನೆಯವರು ಹೇಳಿದರೆ ಎರಡನೆಯ ಮಾತಿಲ್ಲ.

ಎರಡು, ರೈಲು ಹಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜ್ ಮಾಡಲೆಂದು 1996ರಿಂದ ವರ್ಷಗಟ್ಟಲೆ ರೈಲು ನಿಂತಿದ್ದಾಗ ಆ ಹಳಿಗಳ ಮೇಲೆ ಚಾರಣ ಹೋಗುವ ರೂಢಿ ಬೆಳೆಯಿತು. 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಆರಂಭವಾಯಿತು. ಈಗ ಹಳಿಯ ಮೇಲೆ ನಡೆಯುವುದು ಅಪರಾಧ. ಸುರಂಗದೊಳಗೆ ರೈಲು ಬಂದರೆ ಸರಿದು ನಿಲ್ಲಲು ಜಾಗವೂ ಸಾಲದು. ಹಳೆಯ ಚಾರಣದ ಫೋಟೊ ನೋಡಿ ಮರುಳಾಗಬೇಡಿ.

ಮೂರು, ಜಲಪಾತ. ಹೆತ್ತೂರಿನ ಹತ್ತಿರದ ಮೂಕನಮನೆ ಅಬ್ಬಿಯಾಗಲಿ, ಸೋಮವಾರಪೇಟೆ ಸೀಮೆಯ ಮಲ್ಲಳ್ಳಿಯಾಗಲಿ, ದೂರದಿಂದ ನೋಡಲು ಚೆಂದ. ಪಾಚಿ ಕಟ್ಟಿದ ಬಂಡೆಗೂ ಚಪ್ಪಲಿಗೂ ನಡುವೆ ಘರ್ಷಣೆ ಇಲ್ಲವೆನ್ನುವಷ್ಟು ಕಡಿಮೆ. ಮೇಲೆಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ಒಮ್ಮೆಲೇ ಏರುತ್ತದೆ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಬರಬೇಕೆಂದು ಹಿಂದೆ ಹಿಂದೆ ಹೆಜ್ಜೆ ಇಡುವವರನ್ನು ಕಂಡರೆ ನಮ್ಮೂರಿನವರ ಎದೆ ನಡುಗುತ್ತದೆ.

ನಾಲ್ಕು, ಇಂಬಳ. ಇದಕ್ಕೆ ಹೆದರಬೇಕಾಗಿಲ್ಲ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುವುದರಿಂದ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ, ಅಷ್ಟೆ. ಒಬ್ಬರ ಕಾಲನ್ನು ಇನ್ನೊಬ್ಬರು ನೋಡಿಕೊಳ್ಳುತ್ತ ನಡೆಯಿರಿ.

ಮಕ್ಕಳೇ, ಇದು ನಿಮಗೆ

ಅಪ್ಪ–ಅಮ್ಮ ಹೊರಡದಿರಲು ನಿಜವಾದ ಕಾರಣ ಹಣವೂ ಅಲ್ಲ, ದೂರವೂ ಅಲ್ಲ. 'ನಾವಿಲ್ಲದಿದ್ದರೆ ಮನೆ ಹೇಗೆ?' ಎಂಬ ಚಿಂತೆ. ಆ ಚಿಂತೆಗೆ ಉತ್ತರ ನೀವು. ಹತ್ತನೆಯ ತರಗತಿ ದಾಟಿದ ಹುಡುಗನೋ ಹುಡುಗಿಯೋ ಎರಡು ದಿನ ಮನೆ ನಡೆಸಬಲ್ಲರು. ಕುಕ್ಕರಿನಲ್ಲಿ ಅನ್ನ, ಒಂದು ಸಾರು, ಒಂದು ಉಪ್ಪಿಟ್ಟು ಮೊದಲೇ ಎರಡು ಸಲ ಮಾಡಿ ಅಭ್ಯಾಸ ಮಾಡಿಕೊಳ್ಳಿ. ಮಲಗುವ ಮೊದಲು ಗ್ಯಾಸಿನ ರೆಗ್ಯುಲೇಟರ್ ಆರಿಸಿ. ಹಾಲಿನವರ ಲೆಕ್ಕ, ತಾತನ ಮಾತ್ರೆಯ ಹೊತ್ತು, ನೀರು ಬರುವ ವೇಳೆ ಒಂದು ಹಾಳೆಯಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿ. ಪಕ್ಕದ ಮನೆಯವರ, ಅತ್ತೆ ಮಾವಂದಿರ ಫೋನ್ ಸಂಖ್ಯೆಯೂ ಅದರಲ್ಲಿರಲಿ.

ದಿನಕ್ಕೆ ಒಂದು ಸಲ, ರಾತ್ರಿ ಎಂಟಕ್ಕೆ ಫೋನ್ ಮಾಡಿ. 'ಊಟ ಆಯಿತು, ತಾತ ಮಾತ್ರೆ ತಗೊಂಡರು, ಬಾಗಿಲು ಹಾಕಿದ್ದೇವೆ' ಎಂಬ ಮೂರು ವಾಕ್ಯ ಸಾಕು. 'ನನ್ನ ನೀಲಿ ಶರ್ಟ್ ಎಲ್ಲಿದೆ?' ಎಂದು ಕೇಳಲು ಮಾತ್ರ ಫೋನ್ ಮಾಡಬೇಡಿ. ಬೀರುವಿನಲ್ಲೇ ಇರುತ್ತದೆ.

ಚಿಕ್ಕ ಮಕ್ಕಳಿದ್ದರೆ ಅವರನ್ನು ಒಂಟಿಯಾಗಿ ಬಿಡುವ ಮಾತೇ ಇಲ್ಲ. ಅಜ್ಜಿ, ಚಿಕ್ಕಮ್ಮ, ಸೋದರಮಾವ ಯಾರಾದರೂ ಬಂದು ಇರಬೇಕು. ಹಿಂದೆ ಕೂಡುಕುಟುಂಬದಲ್ಲಿ ಇದು ಸಹಜವಾಗಿಯೇ ಒದಗುತ್ತಿತ್ತು. ಈಗ ಬಾಯಿ ಬಿಟ್ಟು ಕೇಳಬೇಕು. ಎರಡು ಸಂಸಾರಗಳು ಮಾತಾಡಿಕೊಂಡು, ಈ ತಿಂಗಳು ನಿಮ್ಮ ಮಕ್ಕಳು ನಮ್ಮಲ್ಲಿ, ಮುಂದಿನ ತಿಂಗಳು ನಮ್ಮವರು ನಿಮ್ಮಲ್ಲಿ ಎಂದು ಹೊಂದಿಸಿಕೊಳ್ಳಲೂಬಹುದು. ಪರೀಕ್ಷೆಯ ಹಿಂದಿನ ವಾರ ಮಾತ್ರ ಬೇಡ. ಅಲ್ಲಿ ಕೂತರೂ ಮನಸ್ಸು ಇಲ್ಲೇ ಇರುತ್ತದೆ.

ಅಪ್ಪ–ಅಮ್ಮಂದಿರೂ ಒಂದು ಕರಾರಿಗೆ ಒಪ್ಪಬೇಕು. ಈ ಎರಡು ದಿನ ಅಂಕ, ಶುಲ್ಕ, ಕೋಚಿಂಗ್ ಮಾತಿಲ್ಲ. ಹಾಗಾದರೆ ಏನು ಮಾತಾಡುವುದು ಎಂದು ಮೊದಲ ಒಂದು ಗಂಟೆ ತಡವರಿಸಬಹುದು. ತಡವರಿಸಲಿ. ಮದುವೆಗೆ ಮೊದಲು ಏನಾಗಬೇಕೆಂದಿತ್ತು, ಮೊದಲ ಬಾಡಿಗೆ ಮನೆಯ ಓನರ್ ಹೇಗಿದ್ದರು, ಯಾವ ಸಿನಿಮಾಕ್ಕೆ ಟಿಕೆಟ್ ಸಿಗದೆ ವಾಪಸು ಬಂದಿರಿ. ಒಂದು ಎಳೆ ಸಿಕ್ಕರೆ ಉಳಿದದ್ದು ಬಿಚ್ಚಿಕೊಳ್ಳುತ್ತದೆ. ಅಪ್ಪ–ಅಮ್ಮ ಒಬ್ಬರ ಜೊತೆ ಒಬ್ಬರು ಸಂತೋಷವಾಗಿರುವುದನ್ನು ನೋಡಿ ಬೆಳೆದ ಮಕ್ಕಳಿಗೆ ಸಂಸಾರ ಎಂದರೆ ಏನೆಂದು ಯಾರೂ ಪಾಠ ಹೇಳಬೇಕಾಗಿಲ್ಲ.

ಅಷ್ಟು ದೂರ ಆಗದವರಿಗೆ

ಎಲ್ಲರ ಕೈಗೂ ಈ ಖರ್ಚು ಎಟುಕದು, ಎಲ್ಲರಿಗೂ ಶನಿವಾರ ರಜೆ ಇರದು. ಅವರಿಗೆ ಊರಲ್ಲೇ ದಾರಿ ಇದೆ. ನಮ್ಮ ಹೆತ್ತೂರಿನ ಕಡೆಯ ಜೋಡಿಗಳಿಗೆ ಬೆಂಗಳೂರೇ ಗಿರಿಧಾಮ! ದಿನವೂ ಗುಡ್ಡ ನೋಡುವವರಿಗೆ ಗುಡ್ಡದಲ್ಲೇನು ಹೊಸತು? ಬೆಂಗಳೂರಿಗೆ ಹೋಗಿ 1943ರಿಂದ ಇರುವ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆಗೆ ಸಾಲಿನಲ್ಲಿ ನಿಂತು, ಲಾಲ್‌ಬಾಗಿನ ಬಂಡೆ ಹತ್ತಿ, 2011ರಲ್ಲಿ ಶುರುವಾದ ಮೆಟ್ರೊದಲ್ಲಿ ಈ ತುದಿಯಿಂದ ಆ ತುದಿಗೆ ಕಾರಣವಿಲ್ಲದೆ ಕೂತು ಬರುತ್ತಾರೆ. ವಾಪಸಾದವರ ಮುಖ ನೋಡಬೇಕು. ಆ ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಎಂಬುದು ಅದರ ಪಕ್ಕದಲ್ಲೇ ಬಾಳಿದ ಬಹಳ ಜನರಿಗೆ ತಿಳಿಯದು. ಬೆಳಿಗ್ಗೆ ಆರಕ್ಕೆ ಅದರ ಮೇಲೆ ಕೂರಲು ಹೋಂಸ್ಟೇ ಬುಕ್ ಮಾಡಬೇಕಾಗಿಲ್ಲ. ಒಂದು ಇಡೀ ದಿನ ಸಿಕ್ಕರೆ ನಗರದಿಂದ ಸುಮಾರು 60 ಕಿ.ಮೀ. ದೂರದ, 1478 ಮೀಟರ್ ಎತ್ತರದ ನಂದಿ ಬೆಟ್ಟ ಇದೆ. ಇಲ್ಲಿ ಮಾತ್ರ 'ಬೆಟ್ಟ ಹತ್ತಿದೆವು' ಎಂದರೆ ಲೆಕ್ಕಕ್ಕೆ ಸರಿ. ಹೋಗುವುದಾದರೆ ವಾರದ ಮಧ್ಯೆ ಹೋಗಿ. ಭಾನುವಾರ ಅಲ್ಲಿ ಇಬ್ಬರೇ ಇರುವುದು ಸಾಧ್ಯವಿಲ್ಲ.

ತಂಗುವ ಮನೆ ಗೊತ್ತುಮಾಡುವಾಗ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ್ದೇ ಎಂದು ಕೇಳಿ. ದರದಲ್ಲಿ ಊಟ ಸೇರಿದೆಯೇ, ಜೀಪಿನ ಬಾಡಿಗೆ ಬೇರೆಯೇ, ಅದೇ ದಿನ ಅಲ್ಲಿ ದೊಡ್ಡ ಗುಂಪು ಧ್ವನಿವರ್ಧಕ ಹಚ್ಚಿ ಕುಣಿಯುವ ಕಾರ್ಯಕ್ರಮ ಇದೆಯೇ ಎಂಬುದನ್ನೂ ಮುಂಗಡ ಕೊಡುವ ಮೊದಲೇ ವಿಚಾರಿಸಿ.

ಇಷ್ಟೆಲ್ಲ ಓದಿ 'ನೋಡೋಣ, ಮುಂದಿನ ವರ್ಷ' ಎನ್ನುವವರೇ ಹೆಚ್ಚು. ಆದ್ದರಿಂದ ಕೊನೆಯ ಕೆಲಸವನ್ನು ವಿದ್ಯಾರ್ಥಿಗಳಿಗೇ ಒಪ್ಪಿಸುತ್ತೇನೆ. ಅಡಿಗೆಮನೆಯ ಕ್ಯಾಲೆಂಡರ್ ತೆಗೆದುಕೊಳ್ಳಿ. ನಿಮ್ಮ ಪರೀಕ್ಷೆ, ನೆಂಟರ ಮದುವೆ, ಹಬ್ಬ ಇಲ್ಲದ ಒಂದು ಶನಿವಾರ–ಭಾನುವಾರ ಹುಡುಕಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ. ಕೆಳಗೆ 'ಅಪ್ಪ–ಅಮ್ಮ ಊರಲ್ಲಿರುವುದಿಲ್ಲ' ಎಂದು ಬರೆಯಿರಿ. ಇದೇನೋ ಇದು ಎಂದು ಅಮ್ಮ ಕೇಳಿದಾಗ ಈ ಪುಟವನ್ನು ಅವರ ಕೈಗೆ ಕೊಡಿ.